ದೊಡ್ಡಣ್ಣ ಮುನಿದರೆ ಬೈತಖೋಲಕ್ಕೇನು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಮೆರಿಕದ ಮೇಲೆ. ಹೆದ್ದಾರಿ ಹೊಂಡ, ಶಿರಸಿ ಬಸ್ಸು, ಹುಬ್ಬಳ್ಳಿ-ಅಂಕೋಲಾ ರೈಲಿನ ಬಗ್ಗೆ ಕೇಳಿದವರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ರೈಲಿನ ಪ್ರಶ್ನೆಗಂತೂ ಅವಸರವೇ ಇಲ್ಲ, ಅದಕ್ಕೆ ಕಾದು ರೂಢಿ ಇದೆ.

ಹೊಸ ಓದುಗರಿಗೆ ಒಂದು ಮಾತು. ನಾನು ವಿದೇಶಾಂಗ ನೀತಿ ಓದಿದವನಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಹಡಗು ಏಜೆಂಟರ ಕಚೇರಿಯಲ್ಲಿ ಕಾಗದಪತ್ರ ಬರೆದು ನಿವೃತ್ತನಾದವನು. ಎರಡು ದೇಶಗಳ ನಡುವೆ ಮುಖ ಸಿಂಡರಿಸಿದರೆ ಅದು ಟಿವಿಯಲ್ಲಿ ಬರುವ ಮೊದಲೇ ನಮ್ಮ ಮೇಜಿನ ಮೇಲೆ ಬಂದಿರುತ್ತಿತ್ತು. ಆ ಮೇಜಿನಿಂದ ಕಂಡಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ಅಣ್ಣಾ, ನಂದೊಂದು ಟ್ರಾಲ್ ಬೋಟು. ಶೆಟ್ಲಿ (ಸಿಗಡಿ) ದರ ಯಾಕೆ ಇಳೀತು ಅಂದ್ರೆ ಏಜೆಂಟ್ "ಅಮೆರಿಕ ಐವತ್ತು ಪರ್ಸೆಂಟ್ ಹಾಕಿದೆ" ಅಂತಾನೆ. ನಮ್ಮ ಶೆಟ್ಲಿ ಅಷ್ಟು ದೂರ ಹೋಗ್ತದಾ? ಅಪ್ಪಿಕೊಂಡು ಫೋಟೊ ತೆಗೆಸಿಕೊಂಡವರು ಹೀಗೆ ಮಾಡೋದಾ?
— ಬೋಟು ಮಾಲೀಕರು, ಬೇಲೆಕೇರಿ

ನಿಮ್ಮ ಬೋಟಿನ ಶೆಟ್ಲಿ ಅಮೆರಿಕಕ್ಕೆ ಹೋಗುತ್ತಿಲ್ಲ ತಮ್ಮಾ. ಈ ಸುಂಕಕ್ಕೆ ಮೊದಲೂ ಹೋಗುತ್ತಿರಲಿಲ್ಲ. ಸಮುದ್ರದಲ್ಲಿ ಬಲೆ ಹಾಕಿ ಹಿಡಿದ ಭಾರತದ ಸಿಗಡಿಯನ್ನು ಅಮೆರಿಕ 2019ರಿಂದ ತೆಗೆದುಕೊಳ್ಳುತ್ತಿಲ್ಲ. ಕಾರಣ ಕಡಲಾಮೆ. ನಮ್ಮ ಟ್ರಾಲ್ ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಸಾಧನ ಇಲ್ಲ ಅನ್ನೋದು ಅವರ ತಕರಾರು.

ಆ ಸಾಧನಕ್ಕೆ ಟೆಡ್ ಅಂತಾರೆ. ನೀವು ನೋಡಿರಬಹುದು. ಸರಳುಗಳನ್ನು ಬೆಸೆದ ಮೊಟ್ಟೆಯಾಕಾರದ ಒಂದು ಚೌಕಟ್ಟು. ಬಲೆಯ ಕೊನೆಯ ಚೀಲಕ್ಕಿಂತ ಸ್ವಲ್ಪ ಮುಂದೆ ಅದನ್ನು ಓರೆಯಾಗಿ ಹೊಲಿಯುತ್ತಾರೆ. ಸಿಗಡಿ ಸರಳಿನ ಸಂದಿಯಲ್ಲಿ ನುಸುಳಿ ಚೀಲಕ್ಕೆ ಬೀಳುತ್ತದೆ. ಆಮೆ ಬಂದು ಸರಳಿಗೆ ಬಡಿದು, ಓರೆಗೆ ಜಾರಿ, ಬಲೆಯ ಮೇಲೆ ಅಥವಾ ಕೆಳಗೆ ಬಿಟ್ಟ ಕಿಂಡಿಯಿಂದ ಹೊರಗೆ ಹೋಗುತ್ತದೆ. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವ ಮಾದರಿಯನ್ನೇ ಮಾಡಿದೆ. ಆದರೆ ಬೋಟು ನಡೆಸುವ ತಾಂಡೇಲರನ್ನು ಕೇಳಿ ನೋಡಿ. "ಆಮೆ ಜೊತೆ ದೊಡ್ಡ ಮೀನೂ ಅದೇ ಕಿಂಡಿಯಲ್ಲಿ ಹೋಗ್ತದೆ, ಆ ಲುಕ್ಸಾನು ಅಮೆರಿಕದವ ಕೊಡ್ತಾನಾ?" ಅಂತಾರೆ. ಅವರ ಮಾತಲ್ಲಿ ಹುರುಳಿದೆ. ಹೊನ್ನಾವರದ ಕಾಸರಕೋಡಿನ ಮರಳಲ್ಲಿ ಮೊಟ್ಟೆ ಇಡೋಕೆ ಬರುವ ಆಮೆಯ ಪರವಾಗಿಯೂ ಹುರುಳಿದೆ.

ಈ ಜಗಳ ಹೊಸದಲ್ಲ. 1990ರ ದಶಕದಲ್ಲೇ ಭಾರತ, ಪಾಕಿಸ್ತಾನ, ಮಲೇಷ್ಯಾ, ಥಾಯ್ಲೆಂಡ್ ಒಟ್ಟಾಗಿ ಅಮೆರಿಕವನ್ನು ವಿಶ್ವ ವ್ಯಾಪಾರ ಸಂಸ್ಥೆಯ ಕಟಕಟೆಗೆ ಎಳೆದಿದ್ದವು. ಹೌದು, ನಾವೂ ಪಾಕಿಸ್ತಾನವೂ ಒಂದೇ ಬೆಂಚಿನಲ್ಲಿ! 1998ರಲ್ಲಿ ತೀರ್ಪು ಬಂತು. ಆಮೆ ಕಾಪಾಡುವ ಹಕ್ಕು ಅಮೆರಿಕಕ್ಕಿದೆ, ಆದರೆ ಭೇದ ಮಾಡುವ ಹಾಗಿಲ್ಲ ಅಂತ. ತನ್ನ ನೆರೆಯ ಕೆರಿಬಿಯನ್ ದೇಶಗಳಿಗೆ ಟೆಡ್ ಹಾಕೋಕೆ ಮೂರು ವರ್ಷ ಟೈಮು ಕೊಟ್ಟಿತ್ತು, ಏಷ್ಯಾದವರಿಗೆ ಬರೀ ನಾಲ್ಕು ತಿಂಗಳು. ನಿಯಮ ಒಂದೇ, ಗಡುವು ಬೇರೆ. ದೊಡ್ಡವರ ಜೊತೆ ವ್ಯವಹಾರ ಮಾಡುವವರು ನೋಡಬೇಕಾದ್ದು ಈ ಗಡುವಿನ ಕಾಲಂ. ನಿಯಮದ ಪುಟ ಎಲ್ಲರೂ ಓದುತ್ತಾರೆ.

ಈಗ ಆ ಐವತ್ತು ಪರ್ಸೆಂಟ್ ಸುಂಕದ ವಿಷಯ. 2025ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ವಾಷಿಂಗ್ಟನ್‌ಗೆ ಹೋದಾಗ 2030ರೊಳಗೆ ವ್ಯಾಪಾರವನ್ನು 500 ಬಿಲಿಯನ್ ಡಾಲರಿಗೆ ಏರಿಸೋಣ ಅಂತ ಮಾತಾಯಿತು. ಏಪ್ರಿಲ್ 2ಕ್ಕೆ ಟ್ರಂಪ್ ಭಾರತಕ್ಕೆ 26 ಪರ್ಸೆಂಟ್ ಅಂತ ಬೋರ್ಡು ಎತ್ತಿ ತೋರಿಸಿದರು. ಆಗಸ್ಟ್ 7ರಿಂದ 25 ಜಾರಿಗೆ ಬಂತು. ರಷ್ಯಾದ ತೈಲ ಕೊಂಡಿದ್ದಕ್ಕೆ ಇನ್ನೊಂದು 25, ಆಗಸ್ಟ್ 27ರಿಂದ 2026ರ ಫೆಬ್ರವರಿವರೆಗೆ. ಸಿಗಡಿಗೆ ಮೊದಲಿಂದ ಇದ್ದ ಬೇರೆ ಸುಂಕಗಳೂ ಸೇರಿ ಒಟ್ಟು 58 ದಾಟಿತು. ಅದೇ ಹೊತ್ತಿಗೆ ನಮ್ಮ ಎದುರಾಳಿ ಎಕ್ವಡಾರ್‌ಗೆ 15.

ಈ ಸುಂಕ ಕಟ್ಟೋದು ಅಮೆರಿಕದಲ್ಲಿ ಮಾಲು ಬಿಡಿಸಿಕೊಳ್ಳುವವ, ನಾವಲ್ಲ. ಆದರೆ ಅವನು ಫೋನೆತ್ತಿ "ಅರ್ಧ ನೀನು ಹೊತ್ಕೋ, ಇಲ್ಲಾಂದ್ರೆ ಎಕ್ವಡಾರ್‌ನಿಂದ ತರಿಸ್ತೇನೆ" ಅಂತಾನೆ. ಹೊರುವುದು ಆಂಧ್ರದ ರಫ್ತುದಾರ. ಅಮೆರಿಕಕ್ಕೆ ಹೋಗೋದು ಹೆಚ್ಚಾಗಿ ಅಲ್ಲಿನ ಕೆರೆಗಳಲ್ಲಿ ಸಾಕಿದ ವನ್ನಾಮೈ ಸಿಗಡಿ. ಅದಕ್ಕೆ ಅಮೆರಿಕದ ಬಾಗಿಲು ಕಿರಿದಾದರೆ ಅದು ಚೀನಾ, ಯುರೋಪು, ಜಪಾನ್, ಕೊನೆಗೆ ನಮ್ಮ ಒಳಪೇಟೆಗೇ ನುಗ್ಗುತ್ತದೆ. ಅಲ್ಲಿ ನಿಮ್ಮ ಶೆಟ್ಲಿಗೆ ಎದುರಾಗುತ್ತದೆ. ಹಾಗಾಗಿ ನಿಮ್ಮ ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಸುಂಕ ಬಂದ ಮರುದಿನವೇ ದಕ್ಕೆಯಲ್ಲಿ ದರ ಇಳಿಸಿದ್ದರೆ ಅದು ವಾಷಿಂಗ್ಟನ್ ಕೆಲಸ ಅಲ್ಲ, ಅವನದ್ದೇ. ಬೇರೆ ಇಬ್ಬರ ಹತ್ತಿರ ದರ ಕೇಳಿ.

ಇನ್ನೊಂದು ಸಂಗತಿ ನನ್ನ ಹಳೇ ಕಸುಬಿನದ್ದು. ಆಗಸ್ಟ್ 27ರ ಮೊದಲು ಹಡಗಿಗೆ ಏರಿ, ಸೆಪ್ಟೆಂಬರ್ 17ರ ಮೊದಲು ಅಲ್ಲಿ ಬಿಡುಗಡೆಯಾದ ಮಾಲಿಗೆ ಎರಡನೇ 25 ಇಲ್ಲ ಅಂತ ಆದೇಶದಲ್ಲೇ ಬರೆದಿತ್ತು. ಅಂದರೆ ಹಡಗಿನ ರಸೀದಿಯ ಮೇಲಿನ ಒಂದು ತಾರೀಕಿಗೆ ಕೋಟಿಗಟ್ಟಲೆ ಬೆಲೆ. ಆ ವಾರ ಬಂದರುಗಳಲ್ಲಿ ಕಂಟೇನರ್ ಏರಿಸೋಕೆ ಹೇಗೆ ಹೊಡೆದಾಡಿರಬಹುದು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ.

ಪ್ರಶ್ನೆ: ದೊಡ್ಡ ದೇಶದ ಜಗಳಕ್ಕೆ ನಮ್ಮ ಜಿಲ್ಲೆ ಸಿಕ್ಕಿಹಾಕಿಕೊಂಡಿದ್ದು ಇದೇ ಮೊದಲಾ ಸರ್?
— ಪದವಿ ವಿದ್ಯಾರ್ಥಿನಿ, ಕುಮಟಾ

ಅಲ್ಲ ಮಗಾ. ನಿನ್ನ ಊರೇ ಅದಕ್ಕೆ ಸಾಕ್ಷಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ಲಿಂಕನ್ ಸರಕಾರ ದಕ್ಷಿಣದ ಬಂದರುಗಳಿಗೆ ನೌಕಾಪಡೆಯ ದಿಗ್ಬಂಧನ ಹಾಕಿತು. ದಕ್ಷಿಣದಿಂದಲೇ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಹೋಗುತ್ತಿದ್ದುದು. ಹತ್ತಿ ನಿಂತಿತು, ಲ್ಯಾಂಕಷೈರಿನಲ್ಲಿ ಗಿರಣಿಗಳು ಮುಚ್ಚಿದವು, ಕೂಲಿಯವರು ಉಪವಾಸ ಬಿದ್ದರು. ಆಗ ಮ್ಯಾಂಚೆಸ್ಟರ್ ಸಾಹುಕಾರರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು.

ಆ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು. ಇಲ್ಲಿಂದ ಮುಂಬೈ, ಅಲ್ಲಿಂದ ಲಿವರ್‌ಪೂಲ್. ಅಲ್ಲಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಕುಮಟಾದಲ್ಲಿ ಒಂದು ಗಿಡವೂ ಬೆಳೆಯುತ್ತಿರಲಿಲ್ಲ, ಅದು ಬೇರೆ ಮಾತು. ಧಾರವಾಡದಲ್ಲಿ ಬಿತ್ತುತ್ತಿದ್ದ ಇನ್ನೊಂದು ತಳಿಯಂತೂ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜದ್ದು. ಅಮೆರಿಕದ ಬೀಜ, ಧಾರವಾಡದ ಎರೆಮಣ್ಣು, ಕುಮಟಾದ ದಕ್ಕೆ, ಇಂಗ್ಲೆಂಡಿನ ಗಿರಣಿ.

1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕು ಅನ್ನೋದು ಅದರ ಹಿಂದಿನ ದೊಡ್ಡ ಕಾರಣ. ಘಟ್ಟಕ್ಕೆ ರಸ್ತೆ ಕಡಿದರು. ಕಾರವಾರ ಊರು ಎದ್ದದ್ದೇ ಆ ಭರಾಟೆಯಲ್ಲಿ. ಅಂದರೆ ಈಗ ನೀನು ಜಿಲ್ಲಾಧಿಕಾರಿ ಕಚೇರಿಗೆ ಅಂತ ಕುಮಟಾ ಬಿಟ್ಟು ಕಾರವಾರಕ್ಕೆ ಬಸ್ಸು ಹತ್ತುತ್ತೀಯಲ್ಲ, ಅದರಲ್ಲಿ ಅಬ್ರಹಾಂ ಲಿಂಕನ್ ಅವರ ಕೈ ಸ್ವಲ್ಪ ಇದೆ.

1865ಕ್ಕೆ ಯುದ್ಧ ಮುಗಿಯಿತು. ಹತ್ತಿ ದರ ಧೊಪ್ಪನೆ ಬಿತ್ತು. ಮುಂಬೈಯಲ್ಲಿ ಷೇರು ಹುಚ್ಚು ಹತ್ತಿಸಿಕೊಂಡವರು ಬೀದಿಗೆ ಬಂದರು. ಕಾರವಾರಕ್ಕೆ ಬರಬೇಕಾಗಿದ್ದ ರೈಲು 1880ರ ದಶಕದಲ್ಲಿ ಗೋವಾದ ಮರ್ಮಗೋವಾಕ್ಕೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು. ನಮಗೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ಜೊತೆ. ದೂರದ ಜಗಳದಿಂದ ಬಂದ ಲಾಭ ಆ ಜಗಳ ಮುಗಿದ ಕೂಡಲೇ ಹೋಗಿತ್ತು. ಕಟ್ಟಿದ ರಸ್ತೆ ಮಾತ್ರ ಉಳಿಯಿತು. ಇದರ ಮೇಲೆ ನೀನು ಪ್ರಾಜೆಕ್ಟ್ ಬರೆಯುವುದಾದರೆ ಮುಂಬೈ ಪ್ರಾಂತ್ಯದ ಹಳೇ ಗೆಜೆಟಿಯರ್‌ನಲ್ಲಿ ಉತ್ತರ ಕನ್ನಡದ ಸಂಪುಟ ನೋಡು.

ಪ್ರಶ್ನೆ: ಟ್ರಂಪ್ ಅವರು ಭಾರತ-ಪಾಕಿಸ್ತಾನ ಯುದ್ಧ ನಾನೇ ನಿಲ್ಲಿಸಿದೆ ಅಂತಾರೆ. ನಮ್ಮವರು ಇಲ್ಲ ಅಂತಾರೆ. ಯಾರನ್ನು ನಂಬೋದು?
— ಕಿರಾಣಿ ವ್ಯಾಪಾರಿ, ಭಟ್ಕಳ

2025ರ ಮೇ 10ಕ್ಕೆ ಕದನವಿರಾಮದ ಸುದ್ದಿ ಮೊದಲು ಹಾಕಿದ್ದು ಟ್ರಂಪ್ ಅನ್ನೋದು ನಿಜ. ಅಮೆರಿಕದವರು ಎರಡೂ ಕಡೆ ಫೋನ್ ಮಾಡಿದ್ದೂ ನಿಜ. ನಮ್ಮ ಸರಕಾರ ಹೇಳೋದು, ಎರಡು ಸೇನೆಗಳ ಅಧಿಕಾರಿಗಳೇ ನೇರ ಮಾತಾಡಿ ನಿಲ್ಲಿಸಿದರು ಅಂತ. ಜೂನ್ 17ರ ಫೋನಿನಲ್ಲಿ ಮೋದಿ ಅದನ್ನೇ ಟ್ರಂಪ್‌ಗೆ ಹೇಳಿದರು ಅಂತ ವಿದೇಶಾಂಗ ಕಾರ್ಯದರ್ಶಿ ತಿಳಿಸಿದರು. ಮರುದಿನ ಟ್ರಂಪ್ ಪಾಕಿಸ್ತಾನದ ಸೇನಾ ಮುಖ್ಯಸ್ಥರಿಗೆ ಶ್ವೇತಭವನದಲ್ಲಿ ಊಟ ಹಾಕಿದರು.

ಇದು ಬರೀ ಹೆಮ್ಮೆಯ ಪ್ರಶ್ನೆ ಅಲ್ಲ. 1972ರ ಶಿಮ್ಲಾ ಒಪ್ಪಂದದಿಂದ ಈಚೆಗೆ ಕಾಂಗ್ರೆಸ್ಸಿರಲಿ ಬಿಜೆಪಿ ಇರಲಿ, ದೆಹಲಿಯ ಮಾತು ಒಂದೇ: ಪಾಕಿಸ್ತಾನದ ವಿಷಯ ನಾವಿಬ್ಬರೇ ನೋಡಿಕೊಳ್ಳುತ್ತೇವೆ, ಮೂರನೆಯವರು ಬೇಡ. "ಹೌದು, ಅವರೇ ನಿಲ್ಲಿಸಿದರು" ಅಂತ ಒಂದು ಸಲ ತಲೆ ಆಡಿಸಿದರೆ ಐವತ್ತು ವರ್ಷದ ಮಾತು ಹೋದಂತೆ. ಟ್ರಂಪ್‌ಗೆ ಬೇಕಿದ್ದದ್ದು ಶಭಾಷ್‌ಗಿರಿ. ಅದು ನಾವು ಕೊಡಲಾಗದ ವಸ್ತು. ಸುಂಕದ ಸಿಟ್ಟಿನಲ್ಲಿ ಇದರ ಪಾಲೂ ಇದೆ ಅನ್ನೋದು ನನ್ನ ಗುಮಾನಿ.

ಪ್ರಶ್ನೆ: ಅಮೆರಿಕ ತಡೆ ಹಾಕಿದಾಗೆಲ್ಲ ನಾವು ನಮ್ಮ ಕಾಲ ಮೇಲೆ ನಿಂತಿದ್ದೇವೆ. ಗೋಧಿ ಕೊಡದಿದ್ದಾಗ ಹಸಿರು ಕ್ರಾಂತಿ, ಎಂಜಿನ್ ಕೊಡದಿದ್ದಾಗ ಇಸ್ರೋ. ಹಾಗಾದ್ರೆ ಈ ಪೆಟ್ಟೂ ಒಳ್ಳೇದಕ್ಕೇ ಅಲ್ವಾ?
— ನಿವೃತ್ತ ನೌಕರರು, ಮಲ್ಲಾಪುರ, ಕೈಗಾ ಹತ್ತಿರ

ಈ ಮಾತು ಇತ್ತೀಚೆಗೆ ಎಲ್ಲ ಕಡೆ ಕೇಳುತ್ತಿದೆ. ಕೇಳೋಕೆ ಖುಷಿ. ಆದರೆ ನಾನು ಒಪ್ಪೋದಿಲ್ಲ. ಕೈಗಾ ಪಕ್ಕದಲ್ಲೇ ಇದ್ದು ನೀವೂ ಒಪ್ಪಬಾರದು.

ಗೋಧಿಯಿಂದಲೇ ಶುರು ಮಾಡೋಣ. 1965-66ರಲ್ಲಿ ಸತತ ಬರ. ಪಿಎಲ್-480 ಅನ್ನೋ ಆಹಾರ ನೆರವಿನ ಯೋಜನೆಯ ಅಮೆರಿಕನ್ ಗೋಧಿಯೇ ಗತಿ. ವಿಯೆಟ್ನಾಂ ಮೇಲಿನ ಬಾಂಬು ದಾಳಿಯನ್ನು ನಾವು ಟೀಕಿಸಿದ್ದು ಅಧ್ಯಕ್ಷ ಜಾನ್ಸನ್‌ಗೆ ಹಿಡಿಸಲಿಲ್ಲ. ನಮ್ಮ ಕೃಷಿ ನೀತಿಯೂ ಬದಲಾಗಬೇಕು ಅಂತ ಪಟ್ಟು. ಗೋಧಿಯನ್ನು ಒಂದೊಂದೇ ಹಡಗಿನ ಲೆಕ್ಕದಲ್ಲಿ ಬಿಟ್ಟರು. ಅವಮಾನ ಹೌದು. ಆದರೆ ಬಿಡಿಸಿದ್ದು ಯಾವುದು? 1966ರಲ್ಲಿ ಮೆಕ್ಸಿಕೊದಿಂದ ತರಿಸಿದ 18,000 ಟನ್ ಗಿಡ್ಡ ತಳಿಯ ಬೀಜ. ಆ ತಳಿ ಮಾಡಿದ ನಾರ್ಮನ್ ಬೋರ್ಲಾಗ್ ಅಮೆರಿಕದವರು. ಅದನ್ನು ಇಲ್ಲಿಗೆ ಹೊಂದಿಸಿದವರು ಸ್ವಾಮಿನಾಥನ್ ಮತ್ತು ನಮ್ಮ ವಿಜ್ಞಾನಿಗಳು, ಸಚಿವ ಸಿ. ಸುಬ್ರಮಣ್ಯಂ ಬೆನ್ನಿಗೆ ನಿಂತರು. ಒಂದು ಅಮೆರಿಕ ಗೋಧಿ ಹಿಡಿದಿಟ್ಟಿತು, ಇನ್ನೊಂದು ಅಮೆರಿಕ ಬೀಜ ಕೊಟ್ಟಿತು. ಮೂರನೇದೂ ಒಂದಿತ್ತು. ನಮ್ಮ ಶಾಲೆಗಳಲ್ಲಿ ಮಧ್ಯಾಹ್ನ ಬಡಿಸುತ್ತಿದ್ದ ಕೇರ್ ಉಪ್ಪಿಟ್ಟು. ಹಳದಿ ಬಣ್ಣ, ಒಂಥರಾ ಎಣ್ಣೆ ವಾಸನೆ, ದೊಡ್ಡ ಕಡಾಯಿಯ ತಳ ಹಿಡಿದ ಭಾಗಕ್ಕೆ ನಾವು ಹುಡುಗರ ಜಗಳ. ಅದೂ ಅಲ್ಲಿನ ದಾನವೇ.

ಈಗ ಕೈಗಾ. 1963ರ ಒಪ್ಪಂದದಲ್ಲಿ ಅಮೆರಿಕ ತಾರಾಪುರದ ಅಣು ವಿದ್ಯುತ್ ಸ್ಥಾವರಕ್ಕೆ 30 ವರ್ಷ ಇಂಧನ ಕೊಡುತ್ತೇನೆ ಅಂದಿತ್ತು. 1974ರಲ್ಲಿ ನಾವು ಪೋಖ್ರಾನಿನಲ್ಲಿ ಪರೀಕ್ಷೆ ಮಾಡಿದೆವು. 1978ರಲ್ಲಿ ಅಮೆರಿಕ ತನ್ನಲ್ಲೇ ಹೊಸ ಕಾನೂನು ಮಾಡಿ ಹಳೇ ಮಾತಿಗೆ ಅಡ್ಡ ಹಾಕಿತು. 1982ರಲ್ಲಿ ಇಂದಿರಾ ಗಾಂಧಿ ರೇಗನ್ ಹತ್ತಿರ ಮಾತಾಡಿ, ನೀವು ಕೊಡಬೇಡಿ, ಫ್ರಾನ್ಸ್ ಕೊಡಲಿ ಅಂತ ದಾರಿ ಮಾಡಿಕೊಂಡರು. ಕೆನಡಾವೂ ಕೈ ಬಿಟ್ಟಿತು. ಕೆನಡಾ ಮಾದರಿಯ ರಿಯಾಕ್ಟರನ್ನು ನಾವೇ ಕಲಿತು ಕಟ್ಟಿದೆವು. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು. 2000ದಲ್ಲಿ ಎರಡು, 2007ರಲ್ಲಿ ಒಂದು, 2011ರಲ್ಲಿ ಒಂದು. ಮೊದಲನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಆಮೇಲೆ ಅದನ್ನು ಮುರಿದದ್ದು ಯಾರು ಅಂತೀರಿ? ಕೆನಡಾದ ಡಾರ್ಲಿಂಗ್ಟನ್!

ಇಷ್ಟು ಭಾಷಣಕ್ಕೆ ಬರುವ ಭಾಗ. ಬಾರದ ಭಾಗ ನಿಮಗೆ ಗೊತ್ತೇ ಇದೆ. ರಿಯಾಕ್ಟರ್ ಕಟ್ಟೋಕೆ ಬಂತು, ಒಳಗೆ ಹಾಕೋಕೆ ಯುರೇನಿಯಂ ಸಾಲಲಿಲ್ಲ. ಹೊರಗಿನಿಂದ ಕೊಳ್ಳುವ ಹಾಗಿರಲಿಲ್ಲ. 2007-08ರ ಹೊತ್ತಿಗೆ ದೇಶದ ಸ್ಥಾವರಗಳು ಅರ್ಧ ಸಾಮರ್ಥ್ಯದಲ್ಲಿ ತೆವಳುತ್ತಿದ್ದವು. ಕೈಗಾದ ನಾಲ್ಕನೇ ಘಟಕ ಇಂಧನಕ್ಕಾಗಿ ಕಾಯುತ್ತ ಕೂತಿತ್ತು. ಗಂಟು ಬಿಚ್ಚಿದ್ದು 2008ರಲ್ಲಿ. ಮನಮೋಹನ್ ಸಿಂಗ್ ಮತ್ತು ಬುಷ್ ಮಾಡಿಕೊಂಡ ಅಣು ಒಪ್ಪಂದದಿಂದ. ಆ ಸೆಪ್ಟೆಂಬರ್‌ನಲ್ಲಿ ಯುರೇನಿಯಂ ಮಾರುವ ದೇಶಗಳ ಕೂಟದಲ್ಲಿ ನಮ್ಮ ಪರವಾಗಿ ಎಲ್ಲರ ಮನೆ ಬಾಗಿಲು ತಟ್ಟಿದ್ದು ಅಮೆರಿಕವೇ. ಆ ಕೂಟ ಹುಟ್ಟಿದ್ದು ನಮ್ಮ 1974ರ ಪರೀಕ್ಷೆಯ ಮೇಲಿನ ಸಿಟ್ಟಿನಿಂದ, ಹುಟ್ಟುಹಾಕಿದವರಲ್ಲಿ ಮುಂದೆ ಇದ್ದದ್ದೂ ಅಮೆರಿಕ.

ಒಪ್ಪಂದದ ಪ್ರಕಾರ 22 ರಿಯಾಕ್ಟರುಗಳಲ್ಲಿ 14ನ್ನು ಅಂತರರಾಷ್ಟ್ರೀಯ ತಪಾಸಣೆಗೆ ಬಿಟ್ಟೆವು, 8ನ್ನು ಬಿಡಲಿಲ್ಲ. ಕೈಗಾದ ನಾಲ್ಕೂ ಆ 8ರಲ್ಲಿವೆ. ಅವಕ್ಕೆ ವಿದೇಶಿ ಯುರೇನಿಯಂ ಹಾಕೋ ಹಾಗಿಲ್ಲ. ಆದರೆ ಬೇರೆ ಸ್ಥಾವರಗಳಿಗೆ ಹೊರಗಿನದು ಬಂದ ಮೇಲೆ ನಮ್ಮ ಗಣಿಯದ್ದು ಕೈಗಾಕ್ಕೆ ಉಳಿಯಿತು. ಆ 962 ದಿನಗಳ ಹಿಂದೆ ನಮ್ಮ ಎಂಜಿನಿಯರುಗಳ ಕೈಚಳಕವೂ ಇದೆ, ಈ ರಾಜಿಯೂ ಇದೆ.

ಇಸ್ರೋ ಕತೆಯೂ ಹಾಗೇ. ರಷ್ಯಾದಿಂದ ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಕೊಳ್ಳೋಕೆ ಹೊರಟೆವು. 1992ರಲ್ಲಿ ಅಮೆರಿಕ ನಿರ್ಬಂಧ ಹಾಕಿತು, ಮರುವರ್ಷ ರಷ್ಯಾ ಹಿಂದೆ ಸರಿಯಿತು. ನಾವೇ ಮಾಡಿದ ಎಂಜಿನ್ ಮೊದಲ ಸಲ ಸರಿಯಾಗಿ ಹಾರಿದ್ದು 2014ರ ಜನವರಿ 5ಕ್ಕೆ. ಮಧ್ಯೆ ಇಪ್ಪತ್ತಕ್ಕೂ ಜಾಸ್ತಿ ವರ್ಷ. ಗೆದ್ದದ್ದು ಹೆಮ್ಮೆಯೇ. ಆದರೆ ಪೆಟ್ಟು ಕೊಟ್ಟವನಿಗೆ ಥ್ಯಾಂಕ್ಸ್ ಹೇಳುವಷ್ಟು ಅಗ್ಗದ ವರ್ಷಗಳಲ್ಲ ಅವು. ಮತ್ತೆ, ಇಸ್ರೋಗೆ ಇಪ್ಪತ್ತು ವರ್ಷ ಕಾಯುವ ತಾಕತ್ತಿತ್ತು, ಸರಕಾರ ಸಂಬಳ ಕೊಡುತ್ತಿತ್ತು. ತಿರುಪ್ಪೂರಿನ ಬಟ್ಟೆ ಕಾರ್ಖಾನೆಗೆ, ಸೂರತ್ತಿನ ವಜ್ರ ಉಜ್ಜುವವನಿಗೆ ಎರಡು ತಿಂಗಳು ಕಾಯೋದೂ ಕಷ್ಟ. ಸ್ವಾವಲಂಬನೆಯ ಭಾಷಣ ಮಾಡುವಾಗ ಅವರ ಮುಖ ಒಂದು ಸಲ ನೋಡಬೇಕು.

ಪ್ರಶ್ನೆ: ನನ್ನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ಕಂಪನಿಯವರು ಬರುವ ವರ್ಷ ಅಮೆರಿಕಕ್ಕೆ ಕಳಿಸ್ತೇವೆ ಅಂದಿದ್ದರು. ಈಗ ಒಂದು ಲಕ್ಷ ಡಾಲರ್ ಫೀ ಅಂತಾರೆ. ಅಳಿಯ ಆಗಲೇ ಅಲ್ಲಿದ್ದಾನೆ, ಅವನಿಗೂ ಇದೆಯಾ? ರಾತ್ರಿ ನಿದ್ದೆ ಇಲ್ಲ ಅಣ್ಣಯ್ಯ.
— ಗೃಹಿಣಿ, ಶಿರಸಿ ತಾಲೂಕು

ಅಳಿಯನ ಮಟ್ಟಿಗೆ ನಿದ್ದೆ ಮಾಡಿ ತಂಗೀ. 2025ರ ಸೆಪ್ಟೆಂಬರ್ 19ಕ್ಕೆ ಟ್ರಂಪ್ ಸಹಿ ಹಾಕಿದ ಆದೇಶ 21ರ ನಂತರದ ಹೊಸ ಅರ್ಜಿಗಳಿಗೆ ಮಾತ್ರ. ಈಗಾಗಲೇ ಎಚ್-1ಬಿ ಅನ್ನೋ ಕೆಲಸದ ವೀಸಾ ಇದ್ದವರಿಗೆ, ಅದರ ನವೀಕರಣಕ್ಕೆ ಆ ಫೀ ಇಲ್ಲ. ಮೊದಲ ದಿನ ಅದನ್ನು ಸರಿಯಾಗಿ ಹೇಳದೆ ಇದ್ದದ್ದಕ್ಕೆ ಊರಿಗೆ ಬಂದಿದ್ದ ಎಷ್ಟೋ ಮಕ್ಕಳು ಹಬ್ಬ ಬಿಟ್ಟು ವಿಮಾನ ನಿಲ್ದಾಣಕ್ಕೆ ಓಡಿದರು.

ಮಗನ ವಿಷಯ ಕಷ್ಟವೇ. ಒಂದು ಲಕ್ಷ ಡಾಲರ್ ಅಂದ್ರೆ ಆದೇಶ ಬಂದಾಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ಕಟ್ಟಬೇಕಾದ್ದು ಕಂಪನಿ, ಮಗ ಅಲ್ಲ. ಆದರೆ ಒಬ್ಬ ಹುಡುಗನಿಗೆ ಅಷ್ಟು ಕಟ್ಟುವ ಬದಲು ಕಂಪನಿ ಆ ಕೆಲಸವನ್ನೇ ಬೆಂಗಳೂರಿಗೆ ತರಿಸಿಕೊಳ್ಳೋದು ಜಾಸ್ತಿ ಸಂಭವ. ಈ ವೀಸಾ ಪಡೆದವರಲ್ಲಿ ಹತ್ತಕ್ಕೆ ಏಳು ಮಂದಿ ನಮ್ಮವರು, ಹಾಗಾಗಿ ಆದೇಶದಲ್ಲಿ ಭಾರತದ ಹೆಸರು ಇಲ್ಲದಿದ್ದರೂ ಬಿದ್ದದ್ದು ನಮ್ಮ ಮೇಲೇ. ಆದೇಶದ ಅವಧಿ 12 ತಿಂಗಳು, ಮುಂದುವರಿಸಲೂಬಹುದು. ಹೋಗುವುದೇ ಆದರೆ ಅಂತ ಮಗನ ಮದುವೆ ಮಾತು ನಿಲ್ಲಿಸಿದ್ದೇವೆ ಅಂತ ಬರೆದಿದ್ದೀರಿ. ಅದನ್ನು ಮಾತ್ರ ವಾಷಿಂಗ್ಟನ್ ಮೇಲೆ ಬಿಡಬೇಡಿ.

ಪ್ರಶ್ನೆ: ಅರ್ಗಾದ ನೌಕಾನೆಲೆಗೆ ನಮ್ಮ ಹಿರಿಯರು ಜಮೀನು ಬಿಟ್ಟುಕೊಟ್ಟರು. ಈಗ ಅಲ್ಲಿಗೆ ಅಮೆರಿಕದ ಹಡಗು ಬಂದು ಕೂರಬಹುದು ಅಂತ ಸುದ್ದಿ. ಅದೂ ಈ ಜಗಳದ ಮಧ್ಯೆ? ನಾವು ಯಾರ ಕಡೆ?
— ಆಟೋ ಚಾಲಕರು, ಕಾರವಾರ

ಕೂರುವ ಹಾಗಿಲ್ಲ. 2016ರಲ್ಲಿ ಅಮೆರಿಕದ ಜೊತೆ ಆದ ಒಪ್ಪಂದ ಇರೋದು ಡೀಸೆಲ್, ನೀರು, ದಿನಸಿ, ರಿಪೇರಿಯ ಬಗ್ಗೆ. ಅವರ ಹಡಗಿಗೆ ನಾವು ಕೊಡಬಹುದು, ನಮ್ಮ ಹಡಗಿಗೆ ಅವರು ಕೊಡಬಹುದು, ಬಿಲ್ ಕಟ್ಟಬೇಕು. ನೆಲೆ ಮಾಡಿಕೊಳ್ಳುವ ಹಕ್ಕು ಅದರಲ್ಲಿ ಇಲ್ಲ.

ಯಾರ ಕಡೆ ಅಂತ ಕೇಳಿದಿರಲ್ಲ, ಕಡಲ ಕಡೆ ಮುಖ ಮಾಡಿ ನಿಂತರೆ ಉತ್ತರ ಅಲ್ಲೇ ಇದೆ. ನಮ್ಮ ವಿಮಾನವಾಹಕ ವಿಕ್ರಮಾದಿತ್ಯ ರಷ್ಯಾದಿಂದ ಕೊಂಡ ಹಡಗು, 2014ರಲ್ಲಿ ಇಲ್ಲಿಗೆ ಬಂತು. 2022ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಕೊಚ್ಚಿಯಲ್ಲಿ ನಾವೇ ಕಟ್ಟಿದ್ದು, ಆದರೆ ಅದನ್ನು ಓಡಿಸುವ ನಾಲ್ಕು ಗ್ಯಾಸ್ ಟರ್ಬೈನ್‌ಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ವಿನ್ಯಾಸದವು. ಗೋವಾದಿಂದ ಹಾರಿ ಜಲಾಂತರ್ಗಾಮಿ ಹುಡುಕುವ ಪಿ-8ಐ ವಿಮಾನ ಬೋಯಿಂಗ್ ಕಂಪನಿಯದ್ದು. 1971ರ ಡಿಸೆಂಬರ್‌ನಲ್ಲಿ ಇದೇ ಅಮೆರಿಕ ನಮ್ಮನ್ನು ಹೆದರಿಸೋಕೆ ಎಂಟರ್‌ಪ್ರೈಸ್ ಅನ್ನೋ ಯುದ್ಧ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿತ್ತು. 1998ರ ಅಣು ಪರೀಕ್ಷೆಯ ನಂತರ ಬಿಡಿಭಾಗ ನಿಲ್ಲಿಸಿತು, ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರುಗಳು ನೆಲಕ್ಕಂಟಿದವು. ಅವು ಬ್ರಿಟನ್ನಿನಿಂದ ಕೊಂಡವು, ಆದರೂ ಒಳಗಿನ ಭಾಗ ಅಮೆರಿಕದ್ದು. ಇವತ್ತು ಆ ಜಾಗಕ್ಕೆ ಬರುತ್ತಿರುವುದು ಅಮೆರಿಕದ್ದೇ ಸೀಹಾಕ್, 24.

ಇದು ಹಳೇ ಕೂಡುಕುಟುಂಬದ ಹಾಗೆ. ಅಣ್ಣತಮ್ಮಂದಿರಿಗೆ ಮಾತಿಲ್ಲ, ಆದರೆ ಬಾವಿ ಒಂದೇ. 2025ರ ಆ ತಿಂಗಳುಗಳನ್ನೇ ನೋಡಿ. ಸುಂಕ 50ರಲ್ಲಿ ನಿಂತಿರುವಾಗಲೇ ಅಕ್ಟೋಬರ್ 31ಕ್ಕೆ ನಮ್ಮ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಮತ್ತು ಅಮೆರಿಕದಲ್ಲಿ ಅದೇ ಹೊಣೆ ಹೊತ್ತ ಹೆಗ್ಸೆತ್ ಕೌಲಾಲಂಪುರದಲ್ಲಿ ಕೂತು 10 ವರ್ಷದ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದರು. ನವೆಂಬರ್ 7ಕ್ಕೆ ಬೆಂಗಳೂರಿನ ಎಚ್‌ಎಎಲ್ ತೇಜಸ್ ವಿಮಾನಕ್ಕೆ 113 ಅಮೆರಿಕನ್ ಎಂಜಿನ್ ಕೊಳ್ಳುವ ಕರಾರು ಮಾಡಿತು. 1998ರಲ್ಲಿ ಅದೇ ತೇಜಸ್‌ಗೆ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ಅಮೆರಿಕ ಬರಿಗೈಯಲ್ಲಿ ವಾಪಸ್ ಕಳಿಸಿತ್ತು. ದೆಹಲಿಯಲ್ಲಿ ಇದನ್ನು ಯಾರೂ ಮರೆತಿಲ್ಲ. ಮರೆಯದೆಯೇ ಸಹಿ ಹಾಕುತ್ತಾರೆ.

ಎರಡು ದೇಶಗಳ ನಡುವೆ ಒಂದೇ ಖಾತೆ ಇರೋದಿಲ್ಲ. ಹಡಗಿನದ್ದು ಬೇರೆ, ಸಿಗಡಿಯದ್ದು ಬೇರೆ, ತೈಲದ್ದು ಬೇರೆ, ವೀಸಾದ್ದು ಬೇರೆ. ಟ್ರಂಪ್ ಮಾಡಿದ ಹೊಸ ಕೆಲಸ ಅಂದ್ರೆ ತೈಲದ ಖಾತೆಯ ಸಿಟ್ಟನ್ನು ಸಿಗಡಿಯ ಖಾತೆಯಲ್ಲಿ ತೀರಿಸಿದ್ದು. ರಷ್ಯಾದ ತೈಲ ನಮಗಿಂತ ಜಾಸ್ತಿ ಕೊಳ್ಳುವ ಚೀನಾಕ್ಕೆ ಆ 25 ಹಾಕಲಿಲ್ಲ. ಯಾಕೆ? ಚೀನಾ ಅಪರೂಪದ ಖನಿಜ ನಿಲ್ಲಿಸಿದರೆ ಅಮೆರಿಕದ ಕಾರ್ಖಾನೆ ನಿಲ್ಲುತ್ತದೆ. ನಮ್ಮ ಸಿಗಡಿ ನಿಂತರೆ ಅಲ್ಲಿನವನು ಎಕ್ವಡಾರಿನ ಸಿಗಡಿ ತಿನ್ನುತ್ತಾನೆ. ದೋಸ್ತಿ, ಪ್ರಜಾಪ್ರಭುತ್ವ, ಸಮಾನ ಮೌಲ್ಯ ಅಂತ ಎಷ್ಟು ಭಾಷಣ ಬೇಕಾದರೂ ಮಾಡಲಿ, ನಾನು ನೋಡೋದು ಇಷ್ಟೇ: ಯಾರು ಯಾರನ್ನು ಬಿಟ್ಟು ಎಷ್ಟು ದಿನ ತಳ್ಳಬಹುದು?

ನಿಮ್ಮ ಹಿರಿಯರ ಪರಿಹಾರದ ಬಾಕಿ ಬಗ್ಗೆ ಬರೆದದ್ದನ್ನು ಓದಿದ್ದೇನೆ. ಅದಕ್ಕೆ ಅಮೆರಿಕವೂ ಕಾರಣ ಅಲ್ಲ, ರಷ್ಯಾವೂ ಅಲ್ಲ. ದಾಖಲೆಗಳ ಪ್ರತಿ ಕಳಿಸಿಕೊಡಿ, ಬೇರೆಯಾಗಿ ಬರೆಯುತ್ತೇನೆ.

ಪ್ರಶ್ನೆ: ಅಮೆರಿಕದ ವಸ್ತು ಬಹಿಷ್ಕಾರ ಮಾಡೋಣ ಅಂತ ನಮ್ಮ ಯುವಕ ಸಂಘದಲ್ಲಿ ನಿರ್ಣಯ ಮಾಡಿದ್ದೇವೆ. ಏನಂತೀರಿ?
— ಸಂಘದ ಕಾರ್ಯದರ್ಶಿ, ಹೊನ್ನಾವರ ತಾಲೂಕು

ಕೋಲಾ ಬಿಟ್ಟು ಮುರುಗಲು ಶರಬತ್ತು ಕುಡಿಯಿರಿ, ಹೊಟ್ಟೆಗೂ ತಂಪು. ನಿರ್ಣಯದ ಪ್ರತಿಯನ್ನು ನೀವು ನನಗೆ ಕಳಿಸಿದ್ದು ವಾಟ್ಸ್ಯಾಪ್‌ನಲ್ಲಿ, ಅದೂ ಅಮೆರಿಕದ್ದೇ. ಇನ್ನು ಅಡುಗೆ ಗ್ಯಾಸ್. 2026ರಲ್ಲಿ ಅಮೆರಿಕದಿಂದ ಸುಮಾರು 22 ಲಕ್ಷ ಟನ್ ಎಲ್‌ಪಿಜಿ ತರಿಸೋಕೆ ನಮ್ಮ ಸರಕಾರಿ ತೈಲ ಕಂಪನಿಗಳು ಕರಾರು ಮಾಡಿಕೊಂಡಿವೆ. ನಾವು ಆಮದು ಮಾಡುವುದರಲ್ಲಿ ಹತ್ತರಲ್ಲಿ ಒಂದು ಪಾಲು. "ನಿಮ್ಮಿಂದಲೂ ಕೊಳ್ಳುತ್ತೇವೆ, ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ" ಅಂತ ಹೇಳುವ ದಾರಿ ಅದು. ಸಂಘದವರ ಮನೆಗಳಲ್ಲಿ ಸಿಲಿಂಡರ್ ಬಿಡುವ ನಿರ್ಣಯಕ್ಕೆ ಹೆಂಗಸರ ಸಹಿ ಸಿಕ್ಕರೆ ಮತ್ತೆ ಬರೆಯಿರಿ.

ಪ್ರಶ್ನೆ: ನಮ್ಮ ಕಾಳುಮೆಣಸು, ಅಡಿಕೆಗೆ ಈ ಸುಂಕ ತಟ್ಟುತ್ತದಾ?
— ಕೃಷಿಕರು, ಸಿದ್ದಾಪುರ

ಕಾಳುಮೆಣಸಿಗೆ ಮೊದಲು ತಟ್ಟಿತು, ಆಮೇಲೆ ಬಿಟ್ಟಿತು. ಅಮೆರಿಕದಲ್ಲಿ ದಿನಸಿ ದರ ಏರಿ ಜನ ಗೊಣಗಿದರು. 2025ರ ನವೆಂಬರ್ 14ಕ್ಕೆ ಟ್ರಂಪ್ ಕಾಫಿ, ಚಹಾ, ಮಸಾಲೆ ಪದಾರ್ಥಗಳಂಥ ಅಲ್ಲಿ ಸಾಕಷ್ಟು ಬೆಳೆಯದ ವಸ್ತುಗಳನ್ನು ಸುಂಕದ ಪಟ್ಟಿಯಿಂದ ತೆಗೆದರು. ನಮ್ಮ ಮಾತುಕತೆಗಾರರು ತಿಂಗಳುಗಟ್ಟಲೆ ಕೂತು ಪಡೆಯಲಾಗದ್ದನ್ನು ಅಲ್ಲಿನ ಗೃಹಿಣಿಯರ ಗೊಣಗಾಟ ಕೊಡಿಸಿತು. ಆದರೆ ವಿಯೆಟ್ನಾಮಿಗೂ ಅದೇ ವಿನಾಯಿತಿ ಸಿಕ್ಕಿದೆ, ಅವರು ಬೆಳೆಯೋದು ನಮಗಿಂತ ಎಷ್ಟೋ ಜಾಸ್ತಿ. ಹಾಗಾಗಿ ದರ ಕುಣಿಯುತ್ತದೆ ಅಂತ ಮೂಟೆ ಹಿಡಿದಿಟ್ಟುಕೊಳ್ಳಬೇಡಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದ ಕಾಲ ಬೇರೆ. ಆಗ ಮೆಣಸು ಸಿಗುವ ಕಡೆಗಳೇ ಕಮ್ಮಿ ಇದ್ದವು.

ಅಡಿಕೆಗೂ ಅಮೆರಿಕಕ್ಕೂ ಸಂಬಂಧ ಇಲ್ಲ. ತಿನ್ನುವವರು ಇಲ್ಲೇ ಇದ್ದಾರೆ. ನೀವು ನೋಡಬೇಕಾದ್ದು ಹೊರಗಿನಿಂದ ಒಳಬರುವ ಅಡಿಕೆ. ಕಿಲೋಗೆ 351 ರೂಪಾಯಿಯ ಕನಿಷ್ಠ ಆಮದು ದರ 2023ರ ಫೆಬ್ರವರಿಯಲ್ಲಿ ನಿಗದಿಯಾದದ್ದು. ಅದು ಗಡಿಯಲ್ಲಿ ಸರಿಯಾಗಿ ಜಾರಿಯಾಗುತ್ತಿದೆಯಾ ಅಂತ ನಿಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಸಂಸದರನ್ನೇ ಕರೆದು ಕೇಳಿ. ಪತ್ರದ ಕೊನೆಯಲ್ಲಿ ಕೇಳಿದ ಕೊಳೆರೋಗದ ಪ್ರಶ್ನೆಯನ್ನು ಕೃಷಿ ಅಂಕಣದವರಿಗೆ ಕೊಟ್ಟಿದ್ದೇನೆ.